ತೈಲದ ತವರು

ಮುಂಬಯಿಯ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರ್ ದೂರದ ಕಡಲಿನಲ್ಲಿ 1974ರಲ್ಲಿ ದೊರೆತ ಬಾಂಬೆ ಹೈ ತೈಲವು ಮುಖ್ಯವಾಗಿ ಸುಣ್ಣಕಲ್ಲಿನ ಪದರಗಳಲ್ಲಿ ನೆಲೆಸಿದೆ. ಆದರೆ ನೆಲೆಸಿದ ಮನೆಯೇ ತವರಲ್ಲ. ಅದರ ತವರು ಮುಖ್ಯವಾಗಿ ಇನ್ನೂ ಪ್ರಾಚೀನವಾದ ಪನ್ನಾ ಶ್ರೇಣಿಯ ಜೇಡಿಶಿಲೆ ಎಂಬುದು ಭೂರಸಾಯನಜ್ಞರ ನಿರ್ಣಯ.

ಜೀವಿ ಅಳಿದರೂ ಅದರ ಅಣುಗಳ ಕುರುಹು ತೈಲದಲ್ಲಿ ಉಳಿಯುತ್ತದೆ. 1930ರ ದಶಕದಲ್ಲಿ ಜರ್ಮನಿಯ ಆಲ್ಫ್ರೆಡ್ ಟ್ರೈಬ್ಸ್ ಎಲೆಹಸಿರಿನ ಅವಶೇಷಗಳಾದ ಪಾರ್ಫಿರಿನ್‌ಗಳನ್ನು ಕಚ್ಚಾತೈಲದಲ್ಲಿ ಗುರುತಿಸಿ ಈ ಮಾರ್ಗವನ್ನು ತೆರೆದರು. ತೈಲದ ಕುರುಹು ಶಿಲಾಸಾರದ ಕುರುಹಿಗೆ ಹೊಂದಿದರೆ ಬಾಂಧವ್ಯದ ಸುಳಿವು ದೊರೆಯುತ್ತದೆ.

ಆದರೆ ಧ್ವನಿಸಾಮ್ಯ ಮಾತ್ರದಿಂದ ಧಾತುವನ್ನು ನಿರ್ಣಯಿಸುವವನು ವೈಯಾಕರಣನಲ್ಲ. ತೈಲಗಳು ಬೆರೆಯುತ್ತವೆ, ಸೂಕ್ಷ್ಮಾಣುಗಳು ಅವನ್ನು ಕೆಡಿಸುತ್ತವೆ. ಇಂಗಾಲದ ಸಮಸ್ಥಾನಿಗಳೂ ಶಿಲೆಯ ಪಕ್ವತೆಯೂ ಅದೇ ಸಾಕ್ಷ್ಯ ನುಡಿದಾಗಲೇ ನಿರ್ಣಯ ನಿಲ್ಲುತ್ತದೆ. ತವರನ್ನರಿಯದೆ ಕಡಲಲ್ಲಿ ಬಾವಿ ಕೊರೆಯುವುದು ದೇಶದ ದ್ರವ್ಯವನ್ನು ನೀರಿಗೆ ಚೆಲ್ಲಿದಂತೆ. ಆದುದರಿಂದ ಬಾವಿಗಳಿಂದ ತೆಗೆದ ಶಿಲಾಖಂಡಗಳನ್ನು ತೈಲದಷ್ಟೇ ಜತನದಿಂದ ಕಾಪಾಡಬೇಕು. ತೈಲ ಉರಿದುಹೋಗುವುದು, ಸಾಕ್ಷಿ ಉಳಿಯಬೇಕು.