ಗೂಡಿಗೆ ಹರಾಜು, ಸೋಲಾರ್‌ಗೆ ಮೊದಲು ಬಂದವನೇ ಗತಿಯೇ?

ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯ ವ್ಯವಹಾರ ಈ ಭಾಗದವರಿಗೆ ಹೇಳಿಕೊಡಬೇಕಾಗಿಲ್ಲ. ರೀಲರು ಗೂಡನ್ನು ಕೈಯಲ್ಲಿ ಹಿಡಿದು, ಒತ್ತಿ, ಅಲ್ಲಾಡಿಸಿ ನೋಡುತ್ತಾನೆ. ಲಾಟು ಲಾಟಿಗೂ ಹರಾಜು. ದರ ಗಿಟ್ಟದಿದ್ದರೆ ರೈತ ‘ಆಗಲ್ಲ’ ಅಂತಾನೆ. ಮೊದಲು ಬಂದವನ ಕೈಗೇ ಮಾಲು ಕೊಟ್ಟು ಮನೆಗೆ ಹೋಗುವವರು ಅಲ್ಲಿ ಸಿಗುವುದಿಲ್ಲ.

ಇಷ್ಟು ಜಾಣ ಜನ ಮನೆಯ ತಾರಸಿ ಮೇಲೆ ಲಕ್ಷಾಂತರ ರೂಪಾಯಿಯ ಸೋಲಾರ್ ಕೂರಿಸುವಾಗ ಮಾತ್ರ ಒಂದೇ ಕೊಟೇಶನ್ನು ನೋಡಿ ಅಡ್ವಾನ್ಸು ಎಣಿಸುವುದೇಕೆ? “ಅಣ್ಣ, ಬಿಲ್ಲು ಸೊನ್ನೆ ಮಾಡಿಸ್ತೀವಿ, ಸಬ್ಸಿಡಿ ನಾವೇ ತರಿಸ್ತೀವಿ, ಇವತ್ತೇ ಬುಕ್ ಮಾಡಿ” ಎಂದವನ ಮಾತಿಗೆ ತಲೆಯಾಡಿಸುವುದು ಯಾವ ವ್ಯಾಪಾರ?

ಯೋಜನೆ ಒಳ್ಳೆಯದೇ. ಅದರಲ್ಲಿ ಎರಡು ಮಾತಿಲ್ಲ. ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ತಂದಿತು. ದೇಶದ 1 ಕೋಟಿ ಮನೆಗಳ ಗುರಿ. ಮೊದಲ 2 ಕಿಲೋವಾಟ್‌ಗೆ ಕಿಲೋವಾಟ್ ಒಂದಕ್ಕೆ 30 ಸಾವಿರ ರೂ., ಮೂರನೆಯದಕ್ಕೆ 18 ಸಾವಿರ ರೂ. ಸಹಾಯಧನ. ಒಟ್ಟು 78 ಸಾವಿರ. ಅದಕ್ಕಿಂತ ದೊಡ್ಡದು ಹಾಕಿಸಿದರೂ ಅಷ್ಟೇ. ಈ ಹಣ ಪ್ಯಾನೆಲು ಕೂತು, ಮೀಟರು ಬಂದು, ಕರೆಂಟು ಹರಿದ ಮೇಲೆ ನೇರ ಮನೆಯವರ ಬ್ಯಾಂಕ್ ಖಾತೆಗೆ ಬರುತ್ತದೆ.

ಎಡವುವುದು ಇಲ್ಲೇ. ಈ ಸಹಾಯಧನ ಲೆಕ್ಕ ಹಾಕುವಾಗ ಸರ್ಕಾರ 3 ಕಿಲೋವಾಟ್‌ಗೆ ಇಟ್ಟುಕೊಂಡ ದರ 1 ಲಕ್ಷ 45 ಸಾವಿರ ರೂ. ಪೇಟೆಯ ಬೆಲೆ ಅದೇ ಇರಬೇಕೆಂದಿಲ್ಲ. ಸಾಮಾನು, ಕಂಬಿ, ತಾರಸಿಯ ಎತ್ತರ ನೋಡಿ ಹೆಚ್ಚು ಕಡಿಮೆ ಆಗುತ್ತದೆ. ಆದರೆ ಅಳತೆಗೋಲು ಎಂದು ಅದನ್ನು ಇಟ್ಟುಕೊಳ್ಳಬಹುದು. ಒಬ್ಬ 1 ಲಕ್ಷ 45 ಸಾವಿರಕ್ಕೆ ಒಪ್ಪಿದರೆ ಸಹಾಯಧನ ಕಳೆದು ಮನೆಯವರ ಕೈಯಿಂದ ಹೋಗುವುದು 67 ಸಾವಿರ. ಇನ್ನೊಬ್ಬ 1 ಲಕ್ಷ 95 ಸಾವಿರ ಅಂದರೆ ಹೋಗುವುದು 1 ಲಕ್ಷ 17 ಸಾವಿರ. ಬೆಲೆ ಏರಿದರೆ ಸಹಾಯಧನ ಏರುವುದಿಲ್ಲ. ಹೆಚ್ಚಿನ 50 ಸಾವಿರವೂ ಗಿರಾಕಿಯ ಜೇಬಿನದೇ. ಎರಡನೆಯ ಅಂಗಡಿಗೆ ಹೋಗಿ ಕೇಳದ ತಪ್ಪಿಗೆ ಇಷ್ಟು ದಂಡ!

ಹಾಕಿದ ಹಣ ಹಿಂದಿರುಗುವುದು ಯಾವಾಗ? ನಮ್ಮ ಬಿಸಿಲಿಗೆ 1 ಕಿಲೋವಾಟ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಮಳೆಗಾಲದಲ್ಲಿ ಕಡಿಮೆ. ತಿಂಗಳಿಗೆ 300 ಯೂನಿಟ್ ಉರಿಸುವ ಮನೆಗೆ 3 ಕಿಲೋವಾಟ್ ಸಾಕು. 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರದಲ್ಲಿ ಮನೆ ಬಳಕೆಯ ಯೂನಿಟ್‌ಗೆ 5 ರೂ. 80 ಪೈಸೆ. ಅಂದರೆ ತಿಂಗಳಿಗೆ ಉಳಿಯುವುದು ಸುಮಾರು 1,740 ರೂ. ಅಗ್ಗದ ಕೊಟೇಶನ್ನಿನಲ್ಲಿ ಮೂರೂಕಾಲು ವರ್ಷಕ್ಕೆ ಹಣ ಹುಟ್ಟುತ್ತದೆ. ದುಬಾರಿಯದರಲ್ಲಿ ಐದೂವರೆ ವರ್ಷ ದಾಟುತ್ತದೆ. ನಿಗದಿತ ಶುಲ್ಕ ಮಾತ್ರ ಸೋಲಾರ್ ಇದ್ದರೂ ತಪ್ಪದು. ‘ಬಿಲ್ಲು ಸೊನ್ನೆ’ ಎನ್ನುವವರು ಇದನ್ನು ಬಾಯಿ ಬಿಡುವುದಿಲ್ಲ.

ಬಾಯಿ ಬಿಡದ ಸಂಗತಿಗಳು ಇನ್ನೂ ಮೂರಿವೆ.

ಒಂದು, ಗೃಹಜ್ಯೋತಿ. 2023ರಿಂದ 200 ಯೂನಿಟ್ ಒಳಗಿನ ಮನೆಗಳಿಗೆ, ಅವರವರ ಹಿಂದಿನ ಸರಾಸರಿಗೆ ಸ್ವಲ್ಪ ಸೇರಿಸಿದ ಮಿತಿಯಲ್ಲಿ, ಕರೆಂಟು ಪುಕ್ಕಟೆ. ಈಗಲೇ ಸೊನ್ನೆ ಬಿಲ್ಲು ಬರುತ್ತಿರುವ ಮನೆಯವರು ಸಾಲ ಮಾಡಿ ಸೋಲಾರ್ ಹಾಕಿಸಿದರೆ ಉಳಿಯುವುದೇನು? ಇಂಥವರಿಗೆ ಅವಸರ ಬೇಡ. ತಿಂಗಳು ತಿಂಗಳೂ 200 ದಾಟಿ ಪೂರ್ತಿ ಬಿಲ್ಲು ಕಟ್ಟುವವರಿಗೆ ಇದು ನಿಜವಾದ ಲಾಭ.

ಎರಡು, ಅಂಗಡಿ ಮೀಟರು. ಚನ್ನಪಟ್ಟಣದ ಪೇಟೆಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇರುವ ವರ್ತಕರೊಬ್ಬರಿದ್ದಾರೆ ಎಂದಿಟ್ಟುಕೊಳ್ಳಿ. ಸಹಾಯಧನ ಸಿಗುವುದು ಮನೆಯ ಮೀಟರಿಗೆ ಮಾತ್ರ. ವಾಣಿಜ್ಯ ಮೀಟರಿಗೆ ಚಿಕ್ಕಾಸೂ ಇಲ್ಲ. ಮೀಟರು ತೀರಿಹೋದ ಅಜ್ಜನ ಹೆಸರಿನಲ್ಲೇ ಇದ್ದರೆ ಮೊದಲು ಹೆಸರು ಬದಲಾವಣೆ ಆಗಬೇಕು. ಇದನ್ನು ಮುಂಗಡ ಕೊಟ್ಟ ಮೇಲೆ ತಿಳಿದುಕೊಂಡರೆ ಪ್ರಯೋಜನವಿಲ್ಲ.

ಮೂರು, ಪವರ್ ಕಟ್. ಬ್ಯಾಟರಿ ಇಲ್ಲದ, ಲೈನಿಗೆ ಜೋಡಿಸಿದ ಸೋಲಾರ್ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ನೆತ್ತಿಯ ಮೇಲೆ ಬಿಸಿಲಿದ್ದರೂ ಫ್ಯಾನು ತಿರುಗದು. ಇದು ಯಂತ್ರದ ದೋಷವಲ್ಲ. ಕಂಬ ಹತ್ತಿದ ಲೈನ್‌ಮನ್ ಪ್ರಾಣ ಉಳಿಯಲಿ ಎಂದೇ ಹೀಗೆ ಮಾಡಿರುವುದು. ಕರೆಂಟು ಹೋದಾಗಲೂ ದೀಪ ಬೇಕೆನ್ನುವವರು ಬ್ಯಾಟರಿಯ ಲೆಕ್ಕ ಬೇರೆ ಕೇಳಬೇಕು.

ಹಾಗಾದರೆ ಕೊಟೇಶನ್ನು ತರುವುದು ಹೇಗೆ? ಮೊದಲು ಒಂದು ವರ್ಷದ ಬಿಲ್ಲುಗಳನ್ನು ಜೋಡಿಸಿಕೊಂಡು ತಿಂಗಳ ಸರಾಸರಿ ತೆಗೆಯಬೇಕು. ತಾರಸಿಯಲ್ಲಿ ಕಿಲೋವಾಟ್ ಒಂದಕ್ಕೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಇದೆಯೇ ನೋಡಬೇಕು. ಪಕ್ಕದ ತೆಂಗಿನ ಮರದ ನೆರಳು ಒಂದು ಪ್ಯಾನೆಲಿನ ಮೇಲೆ ಬಿದ್ದರೂ ಜೊತೆಯವುಗಳ ಉತ್ಪಾದನೆ ಕುಗ್ಗಬಹುದು. ರಸ್ತೆ ಧೂಳು ಹೆಚ್ಚಿರುವ ಕಡೆ ತೊಳೆಯಲು ನೀರು, ಮೆಟ್ಟಿಲು ಬೇಕು.

ಆಮೇಲೆ ಯೋಜನೆಯಲ್ಲಿ ನೋಂದಣಿಯಾದ ಮೂವರನ್ನಾದರೂ ಮನೆಗೆ ಕರೆಸಬೇಕು. ತಾರಸಿ ಹತ್ತಿ ನೋಡದೆ ಫೋನಿನಲ್ಲೇ ದರ ಹೇಳುವವನನ್ನು ಬಿಟ್ಟುಬಿಡಬಹುದು. ಮೂವರೂ ಒಂದೇ ಕಿಲೋವಾಟ್‌ಗೆ, ಒಂದೇ ಬಗೆಯ ಸಾಮಾನಿಗೆ ಬರೆದುಕೊಡಬೇಕು. ಇಲ್ಲವಾದರೆ ಒಬ್ಬನ 2 ಕಿಲೋವಾಟ್, ಇನ್ನೊಬ್ಬನ 3 ಕಿಲೋವಾಟ್ ಪಕ್ಕಪಕ್ಕ ಇಟ್ಟು ಏನು ತೂಗುವುದು?

ಬರಹದಲ್ಲಿ ಇರಬೇಕಾದದ್ದು ಇಷ್ಟು: ಪ್ಯಾನೆಲು ಯಾವ ಕಂಪನಿಯದು, ಎಷ್ಟು ವ್ಯಾಟ್, ಎಷ್ಟು ಸಂಖ್ಯೆ, ಸೆಲ್ಲೂ ಪ್ಯಾನೆಲೂ ದೇಶದಲ್ಲೇ ತಯಾರಾದವೇ (ಇಲ್ಲದಿದ್ದರೆ ಸಹಾಯಧನವಿಲ್ಲ), ಇನ್ವರ್ಟರಿಗೆ ಎಷ್ಟು ವರ್ಷ ಗ್ಯಾರಂಟಿ, ಕಂಬಿ, ಅರ್ಥಿಂಗ್, ಸಿಡಿಲು ತಡೆ, ನೆಟ್ ಮೀಟರು, ತೆರಿಗೆ ಎಲ್ಲ ಸೇರಿದೆಯೇ, 5 ವರ್ಷದ ನಿರ್ವಹಣೆ ಯಾರದು, ಹಣ ಯಾವ ಹಂತಕ್ಕೆ ಎಷ್ಟು. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಪ್ಯಾನೆಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಅದಕ್ಕಿಂತ ಹಳೆಯ ದರಪಟ್ಟಿ ಹಿಡಿದು ಬಂದವನಿಗೆ ಹೊಸದು ಬರೆದುಕೊಂಡು ಬಾ ಎನ್ನಬೇಕು. ಪೂರ್ತಿ ಹಣ ಮೊದಲೇ ಕೇಳುವವನಿಗೆ ದೂರದಿಂದಲೇ ನಮಸ್ಕಾರ.

ಮಿಕ್ಕ ಇಬ್ಬರಿಗಿಂತ ತೀರಾ ಕಡಿಮೆ ಬರೆದವನನ್ನೂ ಅನುಮಾನದಿಂದಲೇ ನೋಡಬೇಕು. ಪ್ಯಾನೆಲಿಗೆ 25 ವರ್ಷದ ಭರವಸೆ ಕೊಡುತ್ತಾರೆ. ಐದನೇ ವರ್ಷಕ್ಕೆ ಅಂಗಡಿ ಬಾಗಿಲು ಹಾಕಿದ್ದರೆ ಗ್ಯಾರಂಟಿ ಕಾಗದ ಹಿಡಿದು ಯಾರ ಮನೆ ಕದ ತಟ್ಟುವುದು? ಅವನು ಮೊದಲು ಕೂರಿಸಿರುವ ಮನೆಗಳಿಗೆ ಹೋಗಿ ಕೇಳುವುದೇ ಸರಿಯಾದ ದಾರಿ. ಕನಕಪುರಕ್ಕೋ ಮಾಗಡಿಗೋ ಬಸ್ ಚಾರ್ಜು ಕೊಟ್ಟು ಹೋಗಿ ಬಂದರೂ ನಷ್ಟವಿಲ್ಲ.

ಒಂಟಿಯಾಗಿ ಚೌಕಾಸಿ ಮಾಡುವುದಕ್ಕಿಂತ ಬೀದಿಯ ಹತ್ತು ಮನೆ ಸೇರಿ ಕೇಳಿದರೆ ದರವೂ ಇಳಿದೀತು, ಕೆಲಸಗಾರನೂ ಹೆದರಿ ನಡೆದಾನು. ಸೇರಿ ಮಾಡುವುದು ಈ ಜಿಲ್ಲೆಗೆ ಹೊಸದಲ್ಲ. ಹತ್ತು ವರ್ಷದ ಹಿಂದೆ ಕನಕಪುರ ತಾಲ್ಲೂಕಿನ ಹಾರೋಬೆಲೆ ಭಾಗದಲ್ಲಿ ‘ಸೂರ್ಯ ರೈತ’ ಯೋಜನೆಯಡಿ 300ಕ್ಕೂ ಹೆಚ್ಚು ಪಂಪ್‌ಸೆಟ್ಟಿಗೆ ಸೋಲಾರ್ ಬಂದಾಗ ರೈತರು ಸಹಕಾರ ಸಂಘ ಕಟ್ಟಿಕೊಂಡಿದ್ದರು. ಹೊಲದವರು ಮಾಡಿದ್ದನ್ನು ಪೇಟೆಯವರು ಮಾಡಬಾರದೆಂದು ಯಾರೂ ಹೇಳಿಲ್ಲ.

ಜನರ ಮೇಲೇ ಎಲ್ಲ ಹೊರೆ ಹೊರಿಸುವುದೂ ಸರಿಯಲ್ಲ. ನೋಂದಾಯಿತರ ಪಟ್ಟಿ ಕಂಪ್ಯೂಟರಿನಲ್ಲಿದೆ ಎಂದರೆ, ಬಸ್ಸಿಗೆ ಓಡುವ ಗುಮಾಸ್ತನಿಗೂ ಗಲ್ಲಾ ಬಿಟ್ಟೇಳಲಾಗದ ಅಂಗಡಿಯವನಿಗೂ ಅದು ಇದ್ದೂ ಇಲ್ಲದ ಹಾಗೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಕಡೆ ಬೆಸ್ಕಾಂ ಕಚೇರಿಯ ಗೋಡೆಗೆ ಆ ಪಟ್ಟಿ ದಪ್ಪಕ್ಷರದ ಕನ್ನಡದಲ್ಲಿ ಅಂಟಬೇಕು. ತಿಂಗಳಿಗೊಂದು ಭಾನುವಾರ ಶಿಬಿರ ನಡೆಸಿ, ಕೊಟೇಶನ್ನು ತಂದವರಿಗೆ ಅದನ್ನು ಓದಿ ಹೇಳುವ ಒಬ್ಬ ಎಂಜಿನಿಯರನ್ನು ಕೂರಿಸಬೇಕು. ಇದಕ್ಕೇನು ಕೋಟಿ ಖರ್ಚಾಗುವುದಿಲ್ಲ. ಯೋಜನೆಯ ಅವಧಿ 2026-27ರವರೆಗೆ ಮಾತ್ರ. ಸಂಬಂಧಪಟ್ಟವರು ತಡಮಾಡದೆ ಇತ್ತ ಗಮನ ಕೊಡಲಿ.

ಅಲ್ಲಿಯವರೆಗೆ ಗಿರಾಕಿಗಳು ಮೂರು ಕೊಟೇಶನ್ನು ಕೈಗೆ ಬರುವ ತನಕ ಅಡ್ವಾನ್ಸಿನ ಗಂಟು ಬಿಚ್ಚದಿರುವುದೇ ಲೇಸು.