ಹದಿನೆಂಟು ತಾಸಿನ ರಸ್ತೆ, ಮುಗಿಯದ ಹಳಿ

ಹೊರ್ತಿಗೆ ರೈಲಿಲ್ಲ. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿ ಊರಿಗೆ ತಾಗಿಕೊಂಡೇ ಹೋಗುತ್ತದೆ. ಹಳಿ ಮಾತ್ರ ಪೂರ್ವಕ್ಕೆ ಸರಿದು ಮಿಂಚನಾಳ, ನಿಂಬಾಳ, ಇಂಡಿ ರೋಡ್, ಲಚ್ಯಾಣಗಳನ್ನು ಮುಟ್ಟಿ ಹೋಟಗಿ ಸೇರುತ್ತದೆ. ಸ್ಟೇಶನ್ನಿನ ಹೆಸರಿಗೆ ‘ರೋಡ್’ ಎಂಬ ಬಾಲವಿದ್ದರೆ ಊರು ಅಲ್ಲಿಲ್ಲ, ಇಳಿದ ಮೇಲೆ ಇನ್ನೂ ಹಾದಿ ಸವೆಸಬೇಕು ಎಂದು ಅರ್ಥ. ಇಂಡಿಗೆ ಅಂಥದೊಂದು ‘ರೋಡ್’ ಸಿಕ್ಕಿದೆ, ಬಸವನ ಬಾಗೇವಾಡಿಗೂ ಸಿಕ್ಕಿದೆ. ಸಿಂದಗಿ, ಮುದ್ದೇಬಿಹಾಳಗಳಿಗೆ ಅದೂ ಇಲ್ಲ. ಇಂಥ ಸೀಮೆಯಲ್ಲಿ ಕೂತು ತಾಸಿಗೆ 320 ಕಿ.ಮೀ. ಓಡುವ ರೈಲಿನ ಬಗ್ಗೆ ಬರೆದರೆ ಜುಟ್ಟಿಗೆ ಮಲ್ಲಿಗೆ ಎಂದು ನಗುವವರಿದ್ದಾರೆ. ನಗಲಿ. ಆದರೆ ಆ ರೈಲು ಯಾಕೆ ತಡವಾಗುತ್ತಿದೆ ಎಂಬ ಪ್ರಶ್ನೆಗೆ ಉತ್ತರದ ಒಂದು ತುದಿ ಹೊರ್ತಿಯ ಮುಂದಿನ ಡಾಂಬರಿನಲ್ಲೇ ಇದೆ.

2021ರ ಫೆಬ್ರುವರಿಯಲ್ಲಿ ಇದೇ ಹೆದ್ದಾರಿಯಲ್ಲಿ 25.54 ಕಿ.ಮೀ. ಉದ್ದದ ಒಂದು ಪಥಕ್ಕೆ 18 ತಾಸಿನಲ್ಲಿ ಡಾಂಬರು ಹಾಸಿ ಮುಗಿಸಿದರು. ಸುಮಾರು 500 ಮಂದಿ ದುಡಿದರು. ಕೇಂದ್ರ ಸಚಿವ ನಿತಿನ್ ಗಡ್ಕರಿ ಅದನ್ನು ದಾಖಲೆಯೆಂದು ಸಾರಿದರು. ನಮ್ಮ ಕಡೆಯ ಚಹಾದಂಗಡಿಗಳಲ್ಲಿ ಆ ಸುದ್ದಿ ಇನ್ನೂ ಆರಿಲ್ಲ. ಪತ್ರಿಕೆಯಲ್ಲಿ ಬುಲೆಟ್ ಟ್ರೇನಿನ ಹೊಸ ತಾರೀಖು ಬಂದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಹದಿನೆಂಟು ತಾಸಿನಾಗ ಇಪ್ಪತ್ತೈದು ಕಿಲೋಮೀಟರ್ ರೋಡ್ ಹಾಕತಾರ, ಈ ರೈಲು ಯಾಕ ಇನ್ನೂ ಬರವಲ್ದು?” ಲೆಕ್ಕ ಹಾಕಿದರೆ ಪ್ರಶ್ನೆ ಇನ್ನೂ ಚುಚ್ಚುತ್ತದೆ. ಆ ವೇಗದಲ್ಲಿ ಮುಂಬೈ–ಅಹಮದಾಬಾದ್ ನಡುವಿನ ಬುಲೆಟ್ ಮಾರ್ಗದ 508 ಕಿ.ಮೀ. ಹದಿನೈದೇ ದಿನದ ಕೆಲಸ. ಆ ಯೋಜನೆಗೆ ನರೇಂದ್ರ ಮೋದಿ ಮತ್ತು ಜಪಾನಿನ ಶಿಂಜೊ ಅಬೆ ಅಡಿಗಲ್ಲು ಹಾಕಿದ್ದು 2017ರ ಸೆಪ್ಟೆಂಬರ್ 14ರಂದು. ರೈಲು 2022ಕ್ಕೆ ಓಡಬೇಕಿತ್ತು. ಆಮೇಲೆ 2023 ಅಂದರು. ಈಗ ಸೂರತ್ ಕಡೆಯ ಒಂದು ತುಂಡು 2027ರ ಆಗಸ್ಟ್‌ಗೆ, ಉಳಿದದ್ದು ಅದರ ನಂತರ ಎನ್ನುತ್ತಿದ್ದಾರೆ.

ಪ್ರಶ್ನೆಯ ಉತ್ತರ ಆ 18 ತಾಸಿನ ಹಿಂದಿದೆ. ಅಷ್ಟು ಹೊತ್ತಿನಲ್ಲಿ ಆದದ್ದು ಡಾಂಬರಿನ ಕೆಲಸ ಮಾತ್ರ. ಅದಕ್ಕೆ ಮುಂಚೆ ಅಳತೆಯವರು ಬಂದು ಕಲ್ಲು ನೆಟ್ಟಿದ್ದರು, ನೋಟಿಸು ಬಂದಿತ್ತು, ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಅಣ್ಣನ ಹೆಸರಿದ್ದು ಹೊಲದಲ್ಲಿ ತಮ್ಮನಿದ್ದ ತಕರಾರುಗಳು ಕಚೇರಿ ಸುತ್ತಿದ್ದವು, ಬಾವಿಗೆಷ್ಟು, ಗಿಡಕ್ಕೆಷ್ಟು ಎಂದು ಜಗಳವಾಗಿತ್ತು, ಮಣ್ಣು ಬಿದ್ದಿತ್ತು, ಜಲ್ಲಿ ಕೂತಿತ್ತು. ವರ್ಷಗಟ್ಟಲೆಯ ಆ ಕೆಲಸಕ್ಕೆ ಯಾರೂ ದಾಖಲೆ ಪುಸ್ತಕ ತೆರೆಯಲಿಲ್ಲ. ಮದುವೆ ಊಟ ಅರ್ಧ ತಾಸಿನಲ್ಲಿ ಮುಗಿಯಿತೆಂದು ಅಡುಗೆಯೂ ಅರ್ಧ ತಾಸಿನದೇ ಎನ್ನಲಾದೀತೇ? ಬೆರಗಾಗಿಸುವ ಪ್ರತಿ ವೇಗದ ಅಡಿಗೂ ಒಂದು ನಿಧಾನ ಹೂತಿರುತ್ತದೆ. ನಮಗೆ ಮೇಲಿನದನ್ನು ತೋರಿಸುತ್ತಾರೆ, ಅಡಿಯದನ್ನು ಹೇಳುವುದಿಲ್ಲ. ಸಿಟ್ಟು ಹುಟ್ಟುವುದು ಅಲ್ಲಿ.

ಜಪಾನಿನದೇ ಕತೆ ನೋಡಿ. ಟೋಕಿಯೊ–ಒಸಾಕಾ ನಡುವಿನ 515 ಕಿ.ಮೀ. ಹೊಸ ಮಾರ್ಗ 1959ರಲ್ಲಿ ಶುರುವಾಗಿ 1964ರ ಅಕ್ಟೋಬರ್ 1ರಂದು ತೆರೆಯಿತು. ಐದೂವರೆ ವರ್ಷ. ಜಗತ್ತಿಗೆಲ್ಲ ಇದೇ ಮಾದರಿ. ಆದರೆ ಎರಡನೇ ಮಹಾಯುದ್ಧಕ್ಕೂ ಮುಂಚೆಯೇ ಅಂಥದೊಂದು ಮಾರ್ಗ ಹಾಕಲು ಹೊರಟಿದ್ದ ಜಪಾನ್, ಅದಕ್ಕೆ ಬೇಕಾದ ಜಮೀನಿನಲ್ಲಿ ಸಾಕಷ್ಟನ್ನು ಆಗಲೇ ಕೊಂಡಿತ್ತು, ಸುರಂಗವನ್ನೂ ಕೊರೆದಿತ್ತು. ಯುದ್ಧ ಬಂದು ಕೆಲಸ ನಿಂತಿತು, ಭೂಮಿ ಉಳಿಯಿತು. ಐದೂವರೆ ವರ್ಷದ ಹಿಂದೆ ಕಾಣದ ಇಪ್ಪತ್ತು ವರ್ಷವಿದೆ. ಖರ್ಚಿನ ಲೆಕ್ಕದಲ್ಲೂ ಅಷ್ಟೆ. ರಾಷ್ಟ್ರೀಯ ರೈಲ್ವೆಯ ಅಧ್ಯಕ್ಷ ಶಿಂಜಿ ಸೊಗೊ ನಿಜವಾದ ಅಂದಾಜು ತಿಳಿದೂ ಕಡಿಮೆ ಮೊತ್ತ ತೋರಿಸಿ ಒಪ್ಪಿಗೆ ಪಡೆದಿದ್ದರು. ಖರ್ಚು ದುಪ್ಪಟ್ಟಾದಾಗ 1963ರಲ್ಲಿ ಅವರು ಹುದ್ದೆ ಬಿಡಬೇಕಾಯಿತು, ಮುಖ್ಯ ಎಂಜಿನಿಯರ್ ಹಿಡಿಯೊ ಶಿಮಾ ಕೂಡ ಬಿಟ್ಟರು. ಮರುವರ್ಷ ಮೊದಲ ರೈಲು ಹೊರಟಾಗ ಅದನ್ನು ಕಟ್ಟಿಸಿದ ಈ ಇಬ್ಬರೂ ಸಮಾರಂಭದ ಸಾಲಿನಲ್ಲಿರಲಿಲ್ಲ. ಅಲ್ಲಿ ತಪ್ಪು ಲೆಕ್ಕ ಕೊಟ್ಟವರಾದರೂ ಮನೆಗೆ ಹೋದರು. ನಮ್ಮಲ್ಲಿ ತಪ್ಪು ತಾರೀಖು ಕೊಟ್ಟವರು ಮುಂದಿನ ತಾರೀಖು ಕೊಡಲು ಅದೇ ವೇದಿಕೆಗೆ ಬರುತ್ತಾರೆ.

ಬೇಗ ಕಟ್ಟಿದ ರೈಲು ನಮ್ಮಲ್ಲೂ ಒಂದಿದೆ, ಲಚ್ಯಾಣದ ಮೇಲೆ ಹೋಗುವ ಇದೇ ಹೋಟಗಿ–ಗದಗ ಮಾರ್ಗ. 1876ರಿಂದ 78ರವರೆಗಿನ ಮಹಾಬರದ ನಂತರ, ಕಾಳು ಸಾಗಿಸಲು ಹಾದಿಯಿಲ್ಲದೆ ಮಂದಿ ಸತ್ತರು ಎಂಬ ಪಾಠ ಕಲಿತ ಬ್ರಿಟಿಷ್ ಸರ್ಕಾರ ಬರಗಾಲದ ಮಾರ್ಗಗಳನ್ನು ಹಾಕಿಸಿತು. ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿದ್ದು 1882ರಲ್ಲಿ, ಈ ಮಾರ್ಗದಲ್ಲಿ ಮೀಟರ್ ಗೇಜ್ ಗಾಡಿ ಓಡಿದ್ದು 1884ರಲ್ಲಿ. ಎರಡೇ ವರ್ಷ! ಸ್ವತಂತ್ರ ಭಾರತದಲ್ಲಿ ಅದೇ ಹಳಿಯನ್ನು ಬ್ರಾಡ್‌ಗೇಜ್ ಮಾಡುವ ಕೆಲಸ 1990ರ ದಶಕದಲ್ಲಿ ಶುರುವಾಗಿ, ತುಂಡು ತುಂಡಾಗಿ ನಡೆದು, ಪೂರ್ತಿಯಾದದ್ದು 2008ರ ಕೊನೆಗೆ. ಬ್ರಿಟಿಷರ ಆಡಳಿತವನ್ನು ಹೊಗಳುವ ಹಿರಿಯರಿಗೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ನಾನು ಆ ಹೊಗಳಿಕೆಗೆ ದನಿಗೂಡಿಸಲಾರೆ. ಮಂದಿ ಸತ್ತು, ಊರು ಬಿಟ್ಟು, ಉಳಿದವರು ಗಂಜಿಗೆ ಕೈಚಾಚಿದ್ದ ನಾಡಿನಲ್ಲಿ “ನನ್ನ ಹೊಲದಾಗ ಹಳಿ ಬ್ಯಾಡ” ಎನ್ನುವ ಧೈರ್ಯ ಯಾರಿಗಿತ್ತು? ಸರ್ಕಾರಕ್ಕೆ ಬೇಕೆಂದರೆ ಬೇಕು, ಅಷ್ಟೆ. ಆ ಎರಡು ವರ್ಷದ ವೇಗಕ್ಕೆ ಬೆಲೆ ಕೊಟ್ಟವರ ಹೆಸರು ಯಾವ ಸ್ಟೇಶನ್ನಿನ ಕಲ್ಲಿನಲ್ಲೂ ಇಲ್ಲ. ಇಂದು ತಡವಾಗುತ್ತಿದೆ ಎಂದರೆ ಅದರಲ್ಲಿ ಒಂದು ಪಾಲು, ಹೊಲದವನಿಗೆ ಬಾಯಿ ಬಂದಿದೆ ಎಂದೂ ಅರ್ಥ.

“ಚೀನಾ ನೋಡ್ರಿ” ಎನ್ನುವವರಿಗೂ ಇದೇ ಮಾತು. 2008ರಲ್ಲಿ ಬೀಜಿಂಗ್–ತಿಯಾನ್‌ಜಿನ್ ಮಾರ್ಗ ತೆರೆದ ಆ ದೇಶದಲ್ಲಿ ಇಂದು ಅತಿವೇಗದ ಹಳಿ 45,000 ಕಿ.ಮೀ. ಮೀರಿದೆ. ಅದು ಸಣ್ಣ ಸಾಧನೆಯಲ್ಲ, ಅಲ್ಲಿನ ಎಂಜಿನಿಯರುಗಳಿಂದ ನಾವು ಕಲಿಯಬೇಕಾದದ್ದು ಬಹಳ. ಆದರೆ ಅಲ್ಲಿ ಭೂಮಿ ಉಳುವವನ ಒಡೆತನದ್ದಲ್ಲ. ಉತಾರ ಹಿಡಿದು ಕೋರ್ಟಿಗೆ ಹೋಗುವ ನಮ್ಮ ಇಂಡಿಯ ರೈತನಂಥವನು ಅಲ್ಲಿಲ್ಲ. 2011ರ ಜುಲೈನಲ್ಲಿ ವೆಂಝೌ ಬಳಿ ಎರಡು ರೈಲು ಡಿಕ್ಕಿಯಾಗಿ 40 ಮಂದಿ ಸತ್ತಾಗ, ಇಷ್ಟು ಅವಸರ ಯಾಕಿತ್ತು ಎಂದು ಕೇಳಿದವರು ಆ ದೇಶದವರೇ. ಕೇಳುವ ಹಕ್ಕಿರುವ ಕಡೆ ಕೆಲಸ ಹೇಗೆ ಎಳೆಯುತ್ತದೆ ಎಂಬುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾವಿದೆ: 2008ರಲ್ಲಿ ಮತದಾರರು ಒಪ್ಪಿ ದುಡ್ಡು ಕೊಟ್ಟರು, 2020ಕ್ಕೆ ಓಡಬೇಕಿದ್ದ ರೈಲು ಇನ್ನೂ ಓಡಿಲ್ಲ. ಶ್ರೀಮಂತಿಕೆಗೂ ಈ ತಡಕ್ಕೂ ಸಂಬಂಧವಿಲ್ಲ.

ಹಾಗಾದರೆ ಮಂದಿಯ ಬೇಸರ ತಪ್ಪೇ? ಅಲ್ಲ. ಮುಂಬೈ–ಅಹಮದಾಬಾದ್ ಮಾರ್ಗಕ್ಕೆ ಬೇಕಾದ ಭೂಮಿ ಪೂರ್ತಿ ಕೈಗೆ ಬಂದದ್ದು 2024ರ ಜನವರಿಯಲ್ಲಿ. ರೈಲು ಓಡಬೇಕಿದ್ದದ್ದು 2022ರಲ್ಲಿ! ಭೂಮಿಯೇ ಸಿಗದ ವರ್ಷಕ್ಕೆ ರೈಲಿನ ತಾರೀಖು ಕೊಟ್ಟಿದ್ದರು. ಗುಜರಾತಿನ ರೈತರ ಅರ್ಜಿಗಳು ಹೈಕೋರ್ಟಿನಲ್ಲಿ ತೀರ್ಮಾನವಾದದ್ದು 2019ರಲ್ಲಿ. ಮುಂಬೈಯ ವಿಕ್ರೋಳಿಯಲ್ಲಿ ಗೋದ್ರೇಜ್ ಕಂಪನಿಯ ಜಮೀನಿನ ತಕರಾರು ಬಾಂಬೆ ಹೈಕೋರ್ಟಿನಲ್ಲಿ ಮುಗಿದದ್ದು 2023ರ ಫೆಬ್ರುವರಿಯಲ್ಲಿ. ಠಾಣೆ ಖಾರಿಯ ಅಡಿಯಲ್ಲಿ 7 ಕಿ.ಮೀ. ಸೇರಿ 21 ಕಿ.ಮೀ. ಸುರಂಗ ಕೊರೆಯಬೇಕೆಂಬುದು, ಪಾಲ್ಘರ್‌ನ ಚಿಕ್ಕು ತೋಟದವರು ಸುಮ್ಮನೆ ಬಿಡುವುದಿಲ್ಲ ಎಂಬುದು ಅಡಿಗಲ್ಲು ಹಾಕುವ ದಿನ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ 2022 ಎಂದರು, ಯಾಕೆಂದರೆ ಸ್ವಾತಂತ್ರ್ಯಕ್ಕೆ ಆ ವರ್ಷ 75 ತುಂಬುತ್ತಿತ್ತು. ಆ ತಾರೀಖು ಎಂಜಿನಿಯರನ ಲೆಕ್ಕದಿಂದ ಬಂದದ್ದಲ್ಲ, ಪಂಚಾಂಗದಿಂದ ಬಂದದ್ದು.

ನೀರಾವರಿಯ ಅನುಭವವಿರುವ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ, ಜಪಾನಿನ ರೈಲು ಓಡಿದ ವರ್ಷವೇ. ಅಣೆಕಟ್ಟೆಯ ಎತ್ತರವನ್ನು 524.256 ಮೀಟರಿಗೆ ಏರಿಸಿದರೆ ಮುಳುಗುವ ಜಮೀನಿಗೆ ನೀರಾವರಿಯಾದರೆ ಎಕರೆಗೆ 40 ಲಕ್ಷ, ಒಣಭೂಮಿಯಾದರೆ 30 ಲಕ್ಷ ರೂಪಾಯಿ ಎಂದು ರಾಜ್ಯ ಸಂಪುಟ ಒಪ್ಪಿದ್ದು 2025ರ ಸೆಪ್ಟೆಂಬರಿನಲ್ಲಿ. ಬೆಲೆ ಮಾತಾಡುವುದಕ್ಕೇ ಒಂದು ತಲೆಮಾರು ದಾಟಿತು. ಕಾಂಕ್ರೀಟು ಹಾಕುವವರು ಎಂದೋ ಮನೆಗೆ ಹೋಗಿದ್ದರು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ ಬೇಕು. ಕೇಳಿ, ಅಳೆದು, ಬೆಲೆ ಕಟ್ಟುವ ನಿಧಾನ ಬೇರೆ, ಯಾರನ್ನೂ ಕೇಳದೆ ಕಡತವೇ ಮಲಗಿರುವ ನಿಧಾನ ಬೇರೆ. ಎರಡಕ್ಕೂ ‘ವಿಳಂಬ’ ಎಂದೇ ಹೆಸರಿಡುವುದರಿಂದ ಎರಡನೆಯದು ಮೊದಲನೆಯದರ ಬೆನ್ನ ಹಿಂದೆ ಅಡಗಿಕೊಳ್ಳುತ್ತದೆ. ಮುದ್ದೇಬಿಹಾಳದ ಮೇಲೆ ಹೋಗಬೇಕಾದ ಆಲಮಟ್ಟಿ–ಯಾದಗಿರಿ ಮಾರ್ಗವನ್ನು ಮಂದಿ ತಲೆಮಾರುಗಳಿಂದ ಕೇಳುತ್ತಿದ್ದಾರೆ. ಸುಮಾರು 162 ಕಿ.ಮೀ.ನ ಅದಕ್ಕೆ ಅಂತಿಮ ಸ್ಥಳ ಸಮೀಕ್ಷೆಯ ಒಪ್ಪಿಗೆ ಸಿಕ್ಕಿದ್ದು 2024ರಲ್ಲಿ. ಅಲ್ಲಿ ಯಾವ ರೈತ ಅಡ್ಡ ಬಂದಿದ್ದ? ಯಾವ ಕೋರ್ಟು ತಡೆದಿತ್ತು? ವಿಜಯಪುರದಿಂದ ಅಥಣಿಯ ಮೇಲೆ ಶೇಡಬಾಳಕ್ಕೆ ಬೇಕೆಂಬ ಮಾರ್ಗದ್ದೂ ಅದೇ ಗತಿ. ಮುನಿರಾಬಾದ್–ಮೆಹಬೂಬನಗರ ಮಾರ್ಗಕ್ಕೆ 1997–98ರಲ್ಲಿ ಒಪ್ಪಿಗೆಯಾಯಿತು, ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಬಾಗಲಕೋಟೆ–ಕುಡಚಿಯ 142 ಕಿ.ಮೀ.ಗೆ 2010ರಲ್ಲಿ ಒಪ್ಪಿಗೆಯಾಯಿತು, ಹಳಿ ಬಹುಕಾಲ ಖಜ್ಜಿಡೋಣಿಯಲ್ಲೇ ದಣಿದು ಕೂತಿತ್ತು. ಇಂಥ ಮಾರ್ಗಗಳಲ್ಲಿ ಅರ್ಧ ಖರ್ಚು ಮತ್ತು ಭೂಮಿ ರಾಜ್ಯದ್ದು, ಉಳಿದದ್ದು ಕೇಂದ್ರದ್ದು. ಹೀಗಾಗಿ ತಡವಾದಾಗ ಇಬ್ಬರ ಕೈಗೂ ತೋರಿಸಲು ಇನ್ನೊಬ್ಬ ಸಿಗುತ್ತಾನೆ.

ಎರಡನ್ನು ಬೇರೆ ಮಾಡಿ ನೋಡಲು ಹಳ್ಳಿಯವರ ಹತ್ತಿರ ಒಂದು ಸರಳ ಸಾಧನವಿದೆ, ಉತಾರ. ಉತಾರದಲ್ಲಿ ರೈಲ್ವೆಯ ಹೆಸರು ಬಂದ ದಿನ ಯೋಜನೆ ಶುರುವಾಯಿತು ಎಂದು ತಿಳಿಯಬಹುದು. ಅದಕ್ಕೆ ಮುಂಚಿನದೆಲ್ಲ ಭಾಷಣ. ಅಡಿಗಲ್ಲು ಹಾಕುವ ಮುನ್ನ ಬೇಕಾದ ಜಮೀನಿನಲ್ಲಿ ಇಂತಿಷ್ಟು ಪಾಲು ಕೈಗೆ ಬಂದಿರಲೇಬೇಕು ಎಂದು ಸರ್ಕಾರಗಳು ತಮಗೆ ತಾವೇ ಕಟ್ಟು ಹಾಕಿಕೊಂಡರೆ ಅಡಿಗಲ್ಲುಗಳು ಕಡಿಮೆಯಾದಾವು. ಆಗಲಿ ಬಿಡಿ, ಕಲ್ಲಿಗೇನು ಬರವೇ ನಮ್ಮ ಜಿಲ್ಲೆಯಲ್ಲಿ.

ಇದನ್ನು ಈಗ ಹೇಳಲು ಕಾರಣವಿದೆ. 2020ರಲ್ಲಿ ಸಿದ್ಧವಾದ ಅತಿವೇಗದ ಮಾರ್ಗಗಳ ಪಟ್ಟಿಯಲ್ಲಿ ಮುಂಬೈ–ಹೈದರಾಬಾದ್ ಇತ್ತು. 711 ಕಿ.ಮೀ., ಪುಣೆ, ಪಂಢರಪುರ, ಸೊಲ್ಲಾಪುರ, ಕಲಬುರಗಿಗಳ ಮೇಲೆ. 2026ರ ಫೆಬ್ರುವರಿಯ ಕೇಂದ್ರ ಬಜೆಟ್ಟಿನಲ್ಲಿ ನಿರ್ಮಲಾ ಸೀತಾರಾಮನ್ ಓದಿದ ಏಳು ಮಾರ್ಗಗಳಲ್ಲಿ ಮುಂಬೈ–ಪುಣೆ, ಪುಣೆ–ಹೈದರಾಬಾದ್, ಹೈದರಾಬಾದ್–ಬೆಂಗಳೂರು ಇವೆ. ದವಾಖಾನೆಗೆ, ಮುಂಬೈ ಗಾಡಿಗೆ ಇಂದಿಗೂ ಸೊಲ್ಲಾಪುರ ಹಿಡಿಯುವ ಹೊರ್ತಿಯವರಿಗೆ ಇದು ದೂರದ ಸುದ್ದಿಯಲ್ಲ. ನಮಗ್ಯಾಕೆ ಬುಲೆಟ್, ಹೋಟಗಿ–ಗದಗದ 284 ಕಿ.ಮೀ. ಜೋಡಿಹಳಿ ಸರಿಯಾಗಿ ಮುಗಿದು ಗೋಲಗುಂಬಜ್ ಎಕ್ಸ್‌ಪ್ರೆಸ್ ಕ್ರಾಸಿಂಗಿಗೆ ನಿಲ್ಲದೆ ಹೋದರೆ ಸಾಕು ಎನ್ನುವವರ ಮಾತಿನಲ್ಲಿ ತೂಕವಿದೆ. ಬೆಂಗಳೂರಿಗೆ ದುಡಿಯಲು ಹೋಗುವವನ ವೇಗವನ್ನು ಅಳೆಯಬೇಕಾದದ್ದು ಅವನು ಪ್ಲಾಟ್‌ಫಾರ್ಮಿನಲ್ಲಿ ಕಾದ ತಾಸುಗಳನ್ನೂ ಸೇರಿಸಿ. ಆದರೂ ನಮ್ಮ ಮೊಮ್ಮಕ್ಕಳು ಸೊಲ್ಲಾಪುರದಲ್ಲಿ ಹತ್ತಿ ಚಹಾ ಆರುವುದರೊಳಗೆ ಪುಣೆ ಮುಟ್ಟಬಾರದು ಎನ್ನಲು ನನಗೆ ಬಾಯಿ ಬರುವುದಿಲ್ಲ.

ನನ್ನ ಚಿಂತೆ ಹತ್ತುವವನದಲ್ಲ, ನಡುವಿನವನದು. ನಕ್ಷೆಯ ಮೇಲೆ ಗೆರೆ ಎಳೆದ ದಿನದಿಂದ ಭೂಮಿ ಕೊಳ್ಳುವ ದಿನದವರೆಗೆ ಆ ಗೆರೆಯ ಕೆಳಗಿನ ಹೊಲ ಯಾರದೂ ಅಲ್ಲದ ಹಾಗೆ ಆಗಿಬಿಡುತ್ತದೆ. ಮಾರಲು ಹೋದರೆ ಕೊಳ್ಳುವವನು ಹಿಂದೆಗೆಯುತ್ತಾನೆ. ಬೋರು ಹೊಡೆಸಲು ಮನಸ್ಸು ಬರುವುದಿಲ್ಲ. ಅಣ್ಣತಮ್ಮಂದಿರ ಪಾಲು ನಿಲ್ಲುತ್ತದೆ, ರೈಲು ಯಾರ ಪಾಲಿಗೆ ಬರುತ್ತದೋ ಎಂದು. ಸರ್ಕಾರದ ಸುಳ್ಳು ತಾರೀಖಿಗೆ ನಗರದವನು ಕಟ್ಟುವ ಬೆಲೆ ಒಂದಿಷ್ಟು ಬೇಸರ. ಇವನು ಕಟ್ಟುವುದು ವರ್ಷಗಳನ್ನು.

ಇಂಡಿ ಲಿಂಬೆಗೆ ಈಗ ಭೌಗೋಳಿಕ ಗುರುತು ಸಿಕ್ಕಿದೆ, ಬೆಲೆಯ ಆಸೆಯೂ ಹುಟ್ಟಿದೆ. ಲಿಂಬಿ ಸಸಿ ಹಚ್ಚಿದರೆ ಕೈತುಂಬ ಕಾಯಿ ಬರಲು ನಾಲ್ಕೈದು ವರ್ಷ ಬೇಕು. ನಾಳೆ ಸೊಲ್ಲಾಪುರದ ಆಚೆಗೋ ಈಚೆಗೋ ಗೆರೆ ಎಳೆದಾಗ, ಅದರ ಕೆಳಗಿನ ರೈತ ಅಳತೆಯವರನ್ನು ಕೇಳುವುದು ರೈಲು ಎಂದು ಓಡುತ್ತದೆ ಎಂದಲ್ಲ. “ಈ ಮಿರಗಕ್ಕ ಸಸಿ ಹಚ್ಚಲೋ ಬ್ಯಾಡೋ, ಅದಷ್ಟು ಹೇಳ್ರಿ ಸಾಹೇಬ್ರ” ಎಂದು.