‘ಕರಗುವ’ ಪ್ಲಾಸ್ಟಿಕ್ ಕರಗುವುದೆಲ್ಲಿ?

ಜಾತ್ರೆ ಮುಗಿದ ಮರುದಿನ ಮಲೆನಾಡಿನ ಹಳ್ಳದಂಚಿನಲ್ಲಿ ಹೊಸ ಬಗೆಯ ಚೀಲಗಳು ಕಾಣಸಿಗುತ್ತವೆ. ಅವುಗಳ ಮೇಲೆ ಹಸಿರೆಲೆಯ ಚಿತ್ರವಿದೆ, ‘ಪರಿಸರಸ್ನೇಹಿ’ ಎಂಬ ಮುದ್ರೆಯಿದೆ. ಹಳೆಯ ಪ್ಲಾಸ್ಟಿಕ್ಕನ್ನು ಎಸೆಯಲು ಅಳುಕುತ್ತಿದ್ದ ಕೈ ಇದನ್ನು ನಿಶ್ಚಿಂತೆಯಿಂದ ಎಸೆಯುತ್ತದೆ. ಅಪಾಯವಿರುವುದು ಈ ನಿಶ್ಚಿಂತೆಯಲ್ಲಿಯೇ.

ಈ ಚೀಲ ಹಲವು ವಸ್ತುಗಳ ಮಿಶ್ರಣ. ಒಂದು ಪಾಲು ಮೆಕ್ಕೆಜೋಳದಂತಹ ಬೆಳೆಯ ಪಿಷ್ಟ. ಇನ್ನೊಂದು, ಸಕ್ಕರೆಯನ್ನು ಹುದುಗಿಸಿ ಪಡೆದ ಲ್ಯಾಕ್ಟಿಕ್ ಆಮ್ಲದಿಂದ ಕಟ್ಟಿದ ಪಿಎಲ್‌ಎ ಎಂಬ ಪಾಲಿಮರ್. ಪಿಎಲ್‌ಎ ಪೆಡಸು; ಬಾಗುವ ಗುಣ ಬರಲೆಂದು ಅದಕ್ಕೆ ಪಿಬಿಎಟಿಯನ್ನು ಬೆರೆಸುತ್ತಾರೆ. ಈ ಪಿಬಿಎಟಿಯ ಮೂಲ ಬಹುಪಾಲು ಪೆಟ್ರೋಲಿಯಂ. ನೂಲು, ತೆಳುಪೊರೆ, ಅಚ್ಚಿನ ಲೋಟ ಎಲ್ಲವೂ ಇಂತಹ ಮಿಶ್ರಣಗಳಿಂದಲೇ ತಯಾರಾಗುತ್ತವೆ.

ಇವು ಕರಗುವುದಿಲ್ಲವೆಂದು ವಿಜ್ಞಾನ ಹೇಳುವುದಿಲ್ಲ. ಎಲ್ಲಿ, ಯಾವ ಶಾಖದಲ್ಲಿ, ಎಷ್ಟು ಕಾಲದಲ್ಲಿ ಎಂಬುದೇ ಪ್ರಶ್ನೆ. ಪಿಎಲ್‌ಎಯ ಉದ್ದನೆಯ ಸರಪಳಿಯನ್ನು ಮೊದಲು ನೀರು ತುಂಡರಿಸಬೇಕು. ಆ ಬಳಿಕವಷ್ಟೇ ಸೂಕ್ಷ್ಮಜೀವಿಗಳು ಅದನ್ನು ಅರಗಿಸಿಕೊಳ್ಳಬಲ್ಲವು. ಈ ಕ್ರಿಯೆ ಚುರುಕಾಗಲು ಸುಮಾರು 58 ಡಿಗ್ರಿ ಸೆಲ್ಸಿಯಸ್ ಶಾಖ ವಾರಗಟ್ಟಲೆ ನಿಲ್ಲಬೇಕು. ‘ಕಾಂಪೋಸ್ಟ್ ಆಗುತ್ತದೆ’ ಎಂಬ ಪ್ರಮಾಣಪತ್ರದ ಪರೀಕ್ಷೆ ನಡೆಯುವುದೂ ಇಂತಹ ಕಾವಿನಲ್ಲಿಯೇ. ಅಡಿಕೆ ತೋಟದ ನೆರಳಿನ ಮಣ್ಣು ಅಷ್ಟು ಕಾಯುವುದುಂಟೆ? ಮನೆಯ ಗೊಬ್ಬರಗುಂಡಿಯ ಒಡಲು ಕೆಲದಿನ ಬಿಸಿಯಾದರೂ ಆ ಕಾವು ಬಹುಕಾಲ ನಿಲ್ಲದು. ಹಳ್ಳದ ತಣ್ಣೀರಿನ ಮಾತಂತೂ ಬೇಡ.

ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಗಮನಾರ್ಹ. ‘ಜೈವಿಕವಾಗಿ ಕರಗುವ’ ಎಂಬ ಹೆಸರಿನ ಚೀಲವೊಂದು ಮಣ್ಣಿನಲ್ಲಿಯೂ ಸಮುದ್ರದಲ್ಲಿಯೂ 3 ವರ್ಷ ಕಳೆದ ಬಳಿಕವೂ ಸಾಮಾನು ಹೊರುವಷ್ಟು ಗಟ್ಟಿಯಾಗಿತ್ತು. ಕಾಂಪೋಸ್ಟ್ ಚೀಲ ಸಮುದ್ರದಲ್ಲಿ 3 ತಿಂಗಳೊಳಗೆ ಕಣ್ಮರೆಯಾಯಿತು. ಮಣ್ಣಿನಲ್ಲಿ ಮಾತ್ರ 27 ತಿಂಗಳ ನಂತರವೂ ಉಳಿದಿತ್ತು. ಕರಗುವುದು ವಸ್ತುವಿನ ಗುಣವಷ್ಟೇ ಆಗಿರದೆ ಸ್ಥಳದ ಗುಣವೂ ಆಗಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಕಾನೂನು ಸ್ಥಳವನ್ನು ಕೇಳುವುದಿಲ್ಲ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಕೈಚೀಲದ ದಪ್ಪದ ನಿರ್ಬಂಧದಿಂದ ಕಾಂಪೋಸ್ಟ್ ಪ್ಲಾಸ್ಟಿಕ್ಕಿಗೆ ವಿನಾಯಿತಿ ಕೊಟ್ಟವು. 2022ರ ಜುಲೈ 1ರಂದು ಜಾರಿಗೆ ಬಂದ ಏಕಬಳಕೆ ವಸ್ತುಗಳ ನಿಷೇಧದಿಂದಲೂ ಅದು ಹೊರಗುಳಿಯಿತು. ಬಿಸಿ ಕಾಂಪೋಸ್ಟ್ ಘಟಕವಿಲ್ಲದ ಊರಿನಲ್ಲಿ ಈ ವಿನಾಯಿತಿಯಿಂದ ಲಾಭವಾಗುವುದು ಮಾರುವವನಿಗೆ. ನಷ್ಟವನ್ನು ಹೊರುವುದು ಹಳ್ಳ.

ಈ ಮಿಶ್ರಣಗಳಿಗೆ ಯೋಗ್ಯ ಸ್ಥಾನವೇ ಇಲ್ಲವೆಂದಲ್ಲ. ಹೊಲದ ಮಣ್ಣಿಗೆ ಹೊದಿಸುವ ಪೊರೆಗಳಿಗೆ ಯುರೋಪು 2018ರಲ್ಲಿ ಪ್ರತ್ಯೇಕ ಮಾನದಂಡವನ್ನೇ ರೂಪಿಸಿತು. ಅಲ್ಲಿ ಪರೀಕ್ಷೆ ನಡೆಯುವುದು ಸಾಮಾನ್ಯ ಶಾಖದ ಮಣ್ಣಿನಲ್ಲಿ, ಅವಧಿ 2 ವರ್ಷ. ಮಲೆನಾಡು ಕೇಳಬೇಕಾದದ್ದು ಇದನ್ನೇ: ಇಲ್ಲಿಯ ಮಣ್ಣಿನಲ್ಲಿ, ಇಲ್ಲಿಯ ಮಳೆಯಲ್ಲಿ ಪರೀಕ್ಷಿಸಿದ ಪುರಾವೆ. ಅದಿಲ್ಲದ ಹಸಿರು ಮುದ್ರೆಯನ್ನು ಗ್ರಾಮಸಭೆಗಳು ಒಪ್ಪಬಾರದು.

ಅಡಿಕೆ ಕೊನೆಗೆ ಕೊಳೆರೋಗ ತಗುಲದಂತೆ ಕರಡದ ಕೊಟ್ಟೆ ಕಟ್ಟುತ್ತಿದ್ದ ನಾಡು ಇದು. ಪ್ಲಾಸ್ಟಿಕ್ ಕೊಟ್ಟೆ ಬಂದದ್ದು ಆಮೇಲೆ. ಊಟಕ್ಕೆ ಬಾಳೆಲೆ, ಹಾಳೆತಟ್ಟೆ, ಸಂತೆಗೆ ಬಟ್ಟೆಯ ಚೀಲ ಇಂದಿಗೂ ಕೈಗೆಟಕುವಂತಿವೆ. ಇವು ಕರಗಲು ಕಾರ್ಖಾನೆಯ ಕಾವೂ ಬೇಡ, ಪ್ರಮಾಣಪತ್ರವೂ ಬೇಡ. ಮುಂದಿನ ಜಾತ್ರೆಗೆ ಮುನ್ನವೇ ಈ ಆಯ್ಕೆ ನಡೆಯಲಿ.